ಎತ್ತಿಕೊಂಡವಳು ಇಟ್ಟ ಹೆಸರು

ಕಾರು ತನ್ನ ಮನೆಯ ಮುಂದೆಯೇ ನಿಂತಿದೆ ಎಂದು ನಂಬಲು ಮಾಯಾಂಗ್ ಮುದುಕಿಗೆ ಸ್ವಲ್ಪ ಹೊತ್ತೇ ಬೇಕಾಯಿತು. ಆ ಮನೆಯ ಮುಂದೆ ಕಾರು ನಿಲ್ಲುವುದಿಲ್ಲ. ಮೀನಿನವನ ಸ್ಕೂಟರ್ ನಿಲ್ಲುತ್ತದೆ, ಓಟಿನ ಕಾಲದಲ್ಲಿ ಒಂದು ವ್ಯಾನು ನಿಂತು ಗಂಟಲು ಹರಿದುಕೊಂಡು ಹೋಗುತ್ತದೆ, ಅಷ್ಟೇ. ಅವಳು ಜಗಲಿಯಲ್ಲಿ ಕಾಲು ಚಾಚಿ ಕೂತು ಕೇದಗೆ ಓಲೆಯ ಚಾಪೆ ಹೆಣೆಯುತ್ತಿದ್ದಳು. ಕಾರಿನಿಂದ ಇಳಿದವನು ಬೂಟು ಬಿಚ್ಚಿ, ಮೆಟ್ಟಿಲ ಬುಡದ ಹಂಡೆಯಿಂದ ನೀರು ತೆಗೆದು ಕಾಲು ತೊಳೆದು, ತಲೆಯೆತ್ತಿ ಸಲಾಂ ಹೇಳಿದಾಗ ಅವಳ ಕೈ ಓಲೆಯ ಮೇಲೆ ಹಾಗೇ ನಿಂತಿತು.

"ಬುರುಕ್?" ಎಂದಳು. "ನೀನೇನೋ?"

"ನಾನೇ, ಮಕ್ ಲಾಂಗ್. ಚೆನ್ನಾಗಿದೀರಾ?"

ಮನೆಗೆ ಹಿರಿಮಗಳಾಗಿ ಹುಟ್ಟಿದ್ದರಿಂದ ಅವಳು ಊರಿಗೆಲ್ಲ ಮಕ್ ಲಾಂಗ್, ದೊಡ್ಡಮ್ಮ. ಇವನು ಪಕ್ಕದ ಮನೆಯ ದೆಲಿಮಾಳ ಮಗ. ಹನ್ನೊಂದು ವರ್ಷದ ಹಿಂದೆ ತಾಯಿಯ ಮಣ್ಣಿಗೆಂದು ಊರಿಗೆ ಬಂದಾಗ ಅಂಗಳದ ಆಚೆಯಿಂದಲೇ ತಲೆಯಾಡಿಸಿ ಹೋಗಿದ್ದ. ಈಗ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಅವಳ ಮೆಟ್ಟಿಲು ಹತ್ತಿದ್ದಾನೆ.

"ಕೂತ್ಕೋ ಮಗಾ, ಕೂತ್ಕೋ. ಎಷ್ಟು ದಪ್ಪ ಆಗಿದೀಯೋ. ಹೆಂಡ್ತಿ ಚೆನ್ನಾಗಿ ತಿನ್ನಿಸ್ತಾಳೆ ಅಂತ ಕಾಣುತ್ತೆ. ಇರು, ಕಾಫಿಗೆ ನೀರಿಡ್ತೀನಿ. ಬಾಳೆಹಣ್ಣಿದೆ, ಎರಡು ನಿಮಿಷದಲ್ಲಿ ಕರೀತೀನಿ."

"ಬೇಡ ಮಕ್ ಲಾಂಗ್, ಟೈಮಿಲ್ಲ. ಹನ್ನೊಂದರೊಳಗೆ ಪೇಟೆಯ ರಿಜಿಸ್ಟರ್ ಆಫೀಸಿನಲ್ಲಿ ಇರಬೇಕು. ನೀವೂ ಬರಬೇಕು."

"ನಾನಾ? ನನ್ನನ್ನ ತಗೊಂಡು ಆಫೀಸಿನವರು ಏನ್ ಮಾಡ್ತಾರೆ, ಉಪ್ಪಿನಕಾಯಿ ಹಾಕ್ತಾರಾ?"

ಅವನು ನಗಲಿಲ್ಲ. ಚಿಕ್ಕಂದಿನಿಂದಲೂ ಅವನು ನಗುವುದು ಕಡಿಮೆ. ಅದಕ್ಕೆ ಕಾರಣವೂ ಇತ್ತು ಅನ್ನಿ. ಅವರ ಮಾತಿನಲ್ಲಿ ಬುರುಕ್ ಎಂದರೆ ಕುರೂಪ, ಕೊಳಕು, ಹಳಸಿದ್ದು, ಕೆಟ್ಟದ್ದು. ಯಾವುದನ್ನು ಬೇಕಾದರೂ ಆರಿಸಿಕೊಳ್ಳಿ, ಒಂದೂ ಹೇಳಿಕೊಳ್ಳುವಂಥದ್ದಲ್ಲ. ಅಪ್ಪನ ಹೆಸರು ಈತಾಮ್, ಅಂದರೆ ಕರಿಯ. ಸರ್ಕಾರದ ಕಾಗದದಲ್ಲಿ ಇವನು ಬುರುಕ್ ಬಿನ್ ಈತಾಮ್, ಕರಿಯನ ಮಗ ಕುರೂಪ. ಕಾಲೇಜು ಓದಿ, ಪರೀಕ್ಷೆ ಪಾಸು ಮಾಡಿ, ಮೂವತ್ತು ಜನ ಎದ್ದು ನಿಲ್ಲುವ ಹುದ್ದೆಗೆ ಏರಿದರೂ ಆ ಹೆಸರು ಬೆನ್ನು ಬಿಟ್ಟಿರಲಿಲ್ಲ. ಕೋಣೆಯ ಬಾಗಿಲಿನ ಹಿತ್ತಾಳೆ ಫಲಕದಲ್ಲಿ ಬರೀ 'ಬಿ. ಈತಾಮ್' ಎಂದು ಕೆತ್ತಿಸಿಕೊಂಡಿದ್ದ. ಬಿ ಎಂದರೇನು ಎಂದು ಯಾರಾದರೂ ಕೇಳಿದರೆ ಮಾತು ತಿರುಗಿಸುತ್ತಿದ್ದ.

"ಹೆಸರು ಬದಲಾಯಿಸ್ತಾ ಇದೀನಿ ಮಕ್ ಲಾಂಗ್," ಎಂದ. "ಬರೋ ವಾರ ಮಗಳ ನಿಕಾಹ್. ಹುದಾದು. ಗಂಡಿನ ಕಡೆಯವರು ದೊಡ್ಡ ಜನ. ಮಾತುಕತೆಗೆ ಬಂದಾಗ ಹುಡುಗನ ಚಿಕ್ಕಪ್ಪ ಕಾಗದ ನೋಡ್ಬಿಟ್ಟು, ಇದು ನಿಜವಾಗಲೂ ಹೆಸರೇನಾ ಅಂತ ಎಲ್ಲರ ಮುಂದೆ ಕೇಳಿದ. ಹುದಾ ಅಡುಗೆಮನೆಗೆ ಹೋಗಿ ಅತ್ತಳು. ಖಾಜಿ ನಿಕಾಹ್ ಓದಬೇಕಾದ್ರೆ ಮೈಕಿನಲ್ಲಿ 'ಹುದಾ ಬಿಂತಿ ಬುರುಕ್' ಅಂತ, ಕುರೂಪನ ಮಗಳು ಹುದಾ ಅಂತ ಕೂಗಿದ್ರೆ ಅವಳು ತಲೆ ಎತ್ತೋದು ಹೇಗೆ?"

"ಅಯ್ಯೋ, ಮಗು," ಎಂದಳು ಮಾಯಾಂಗ್.

"ನಾನು ಹುಟ್ಟಿದಾಗ ಹೆಸರು ವರದಿ ಮಾಡಿದವರ ಜಾಗದಲ್ಲಿ ನಿಮ್ಮ ಹೆಬ್ಬೆಟ್ಟಿದೆ. ಆ ಮನುಷ್ಯರೇ ಬಂದು ಹೇಳಿಕೆ ಕೊಟ್ರೆ ಇವತ್ತೇ ಮುಗಿಯುತ್ತೆ ಅಂದ್ರು. ಇಲ್ಲದಿದ್ರೆ ಎರಡು ತಿಂಗಳು."

ಮಾಯಾಂಗ್ ಓಲೆಯನ್ನು ಪಕ್ಕಕ್ಕೆ ಸರಿಸಿ ಎದ್ದಳು. ಮಂಡಿ ನೋಯುತ್ತಿತ್ತು, ಆದರೂ ಎದ್ದ ಚುರುಕು ನೋಡಿದರೆ ಎಪ್ಪತ್ತನಾಲ್ಕರ ಮುದುಕಿ ಎನ್ನುವಂತಿರಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯ ತಳದಲ್ಲಿದ್ದ ನೀಲಿ ಹೂವಿನ ನಿಲುವಂಗಿ ಹುಡುಕಿ ತೊಟ್ಟಳು, ಹಬ್ಬಕ್ಕೆ ಹೊರಟವಳ ಸಂತೋಷದಲ್ಲಿ. ಮೂವತ್ತೆಂಟು ವರ್ಷದಿಂದ ಅವಳು ಕಾದಿದ್ದು ಇದಕ್ಕೇ, ಈ ಹುಡುಗನ ಹೆಸರು ಕೇಳಿಕೊಂಡು ಯಾರಾದರೂ ತನ್ನ ಮೆಟ್ಟಿಲು ಹತ್ತಲಿ ಎಂದು. ಬರಬೇಕಾದವಳು ಬರಲಿಲ್ಲ. ಹೋಗಲಿ, ಅವನೇ ಬಂದ.

ಇಲ್ಲಿ ಹಿಂದಿನದ್ದನ್ನು ಹೇಳದೆ ವಿಧಿಯಿಲ್ಲ.

ಆ ಊರಿನ ಹಳಬರಲ್ಲಿ ಹೆಸರಿನ ಅರ್ಥ ಹುಡುಕಲು ಪುಸ್ತಕ ತೆರೆಯಬೇಕಿರಲಿಲ್ಲ. ಮಾಯಾಂಗ್ ಎಂದರೆ ಅಡಿಕೆಯ ಹೊಂಬಾಳೆ. ಹುಟ್ಟಿದ ದಿನ ಹಿತ್ತಲಲ್ಲಿ ಒಂದು ಒಡೆದಿತ್ತು, ಅದನ್ನೇ ಇಟ್ಟರು. ಅವಳ ಗಂಡ ಪಾಂಜಾಂಗ್, ಅಂದರೆ ಉದ್ದ. ಆಸಾಮಿ ಮಾತ್ರ ಹೆಂಡತಿಯ ಭುಜಕ್ಕೆ ಬರುತ್ತಿದ್ದ, ಸಾಯುವ ತನಕ ಊರಿಗೆಲ್ಲ ಅದೇ ತಮಾಷೆ. ದೆಲಿಮಾ ಎಂದರೆ ದಾಳಿಂಬೆ, ಅವಳ ಕೆನ್ನೆ ನೋಡಿದವರಿಗೆ ಬೇರೆ ಹೇಳಬೇಕಿರಲಿಲ್ಲ. ಕಂಡದ್ದನ್ನು ಇಡುತ್ತಿದ್ದರು, ಬೇಕೆನಿಸಿದ್ದನ್ನು ಇಡುತ್ತಿದ್ದರು. ಒಮ್ಮೊಮ್ಮೆ ಬೇಡವಾದದ್ದನ್ನೂ ಇಡುತ್ತಿದ್ದರು, ಅದಕ್ಕೆ ಬೇರೆಯೇ ಲೆಕ್ಕ.

ದೆಲಿಮಾ ಮೂರು ಮಕ್ಕಳನ್ನು ಮಣ್ಣು ಮಾಡಿದ್ದಳು. ಮೊದಲನೆಯದಕ್ಕೆ ಇಂತಾನ್ ಎಂದಿಟ್ಟಳು, ವಜ್ರ. ಇಪ್ಪತ್ತು ದಿನ ಬದುಕಿತು. ಎರಡನೆಯದಕ್ಕೆ ಕೆಜೋರಾ, ಬೆಳ್ಳಿಚುಕ್ಕಿ. ಹಲ್ಲು ಬರುವ ಹೊತ್ತಿಗೆ ಹೋಯಿತು. ಮೂರನೆಯದಕ್ಕೆ ಚಹಾಯಾ, ಬೆಳಕು ಎಂದಿಟ್ಟಳು. ಆ ಹೆಸರನ್ನು ನಾಲ್ಕು ಸಲ ಕರೆಯುವಷ್ಟೂ ಅದು ಇರಲಿಲ್ಲ. ನಾಲ್ಕನೆಯದು ಗಂಡು. ಹನ್ನೆರಡನೆಯ ದಿನ ಹಾಲು ಬಿಟ್ಟಿತು. ತುಟಿ ನೀಲಿಗಟ್ಟಿ, ಅಳಲೂ ತ್ರಾಣವಿಲ್ಲದೆ ಬಿದ್ದುಕೊಂಡಿತು. ಸೂಲಗಿತ್ತಿ ಅದರ ಅಂಗಾಲು ಮುಟ್ಟಿ ನೋಡಿ ದೆಲಿಮಾಳಿಗೇ ಬೈದಳು. "ಚೆಂದಚೆಂದದ ಹೆಸರಿಟ್ಟು ಸಂತೇಲಿ ಕೂಗೋ ಹಾಗೆ ಕೂಗ್ತೀಯ. ಯಾವ್ಯಾವುದರ ಕಣ್ಣು ಬೀಳುತ್ತೋ ನಿಂಗೇನು ಗೊತ್ತು? ಇವನಿಗೆ ಹೆಸರು ಇಡ್ಬೇಡ. ಬಿಸಾಕು. ಇವತ್ತೇ ಬಿಸಾಕು."

ಬಿಸಾಕುವುದೆಂದರೆ ನಿಜಕ್ಕೂ ಅಲ್ಲ, ಆದರೆ ನಿಜದ ಹಾಗೆಯೇ. ಹರಿದ ಬಟ್ಟೆಯಲ್ಲಿ ಸುತ್ತಿ, ಮೆಟ್ಟಿಲ ಕೆಳಗಿನ ತೆಂಗಿನ ಸಿಪ್ಪೆಯ ಗುಡ್ಡೆಯ ಮೇಲೆ ಮಲಗಿಸಿ, ಹೆತ್ತವಳು ಬೆನ್ನು ತಿರುಗಿಸಿ ಒಳಗೆ ಹೋಗಬೇಕು. ರಕ್ತಸಂಬಂಧವಿಲ್ಲದ ಹೆಂಗಸೊಬ್ಬಳು ದಾರಿಯಲ್ಲಿ ಕಂಡವಳಂತೆ ಬಂದು, ಹತ್ತು ಜನಕ್ಕೆ ಕೇಳುವಂತೆ ಬೈದು, ಎತ್ತಿಕೊಂಡು ಹೋಗಬೇಕು. ಅಲ್ಲಿಂದ ಮಗು ಎತ್ತಿಕೊಂಡವಳದು, ಹೆಸರಿಡುವ ಹಕ್ಕೂ ಅವಳದು. ಹೆಸರು ಎಷ್ಟು ಹೊಲಸಾಗಿದ್ದರೆ ಅಷ್ಟು ಒಳ್ಳೆಯದು. ಹೊಂಚು ಹಾಕಿ ಕೂತದ್ದು ಯಾವುದಿದ್ದರೂ ಅದನ್ನು ಕೇಳಿ ಮೂಗು ಮುಚ್ಚಿಕೊಂಡು ಹೋಗಬೇಕು. ಅಪಾಯದ ವಯಸ್ಸು ದಾಟಿದ ಮೇಲೆ, ಸುನ್ನತಿಯ ದಿನ, ಹೆತ್ತವಳು ಹಳದಿ ಅಂಟನ್ನದ ತಟ್ಟೆ ಹಿಡಿದು ಇವಳ ಮನೆಗೆ ಬಂದು, ಊರವರ ಎದುರಿಗೆ "ನಿನ್ನ ಮಗನನ್ನ ನನಗೆ ಕೊಡು" ಎಂದು ಕೇಳಬೇಕು. ಆಗ ಇವಳು ಒಳ್ಳೆಯ ಹೆಸರೊಂದನ್ನು ಕೂಗಿ ಹುಡುಗನನ್ನು ಒಪ್ಪಿಸುತ್ತಾಳೆ. ಅಲ್ಲಿಯವರೆಗೆ ಊರಿನಲ್ಲಿ ಯಾರೂ ಈ ವಿಷಯವನ್ನು ಹುಡುಗನ ಕಿವಿಗೆ ಹಾಕುವಂತಿಲ್ಲ. ಎತ್ತಿಕೊಂಡವಳಂತೂ ತಾನಾಗಿ ಬಾಯಿ ಬಿಡಲೇಬಾರದು. ಬಿಟ್ಟರೆ ಕಾಪು ಹರಿಯುತ್ತದೆ, ಹುಡುಗನ ಜೀವಕ್ಕೆ ಕುತ್ತು.

ಆ ದಿನ ಎತ್ತಿಕೊಂಡವಳು ಮಾಯಾಂಗ್. ಅವಳಿಗೆ ಆಗ ಇಪ್ಪತ್ತಾರು, ಮದುವೆಯಾಗಿ ಒಂಬತ್ತು ವರ್ಷ, ಮಡಿಲು ಖಾಲಿ. "ಯಾರಪ್ಪಾ ಈ ಕೊಳೆತದ್ದನ್ನ ಇಲ್ಲಿ ಎಸೆದಿರೋದು? ನಾಯಿಗೂ ಬೇಡ, ಕಾಗೆಗೂ ಬೇಡ," ಎಂದು ಅವಳು ಕೂಗಿದ ರೀತಿಗೆ ಸೂಲಗಿತ್ತಿಯೇ ಭೇಷ್ ಎಂದಳಂತೆ. ಬೈಯುತ್ತಲೇ ಎದೆಗೆ ಒತ್ತಿಕೊಂಡಳು. ಅದು ಒಂದು ಹಿಡಿ ಅನ್ನದಷ್ಟೂ ಭಾರವಿರಲಿಲ್ಲ. ಆ ಕ್ಷಣದಲ್ಲೇ ಅವಳ ಮನಸ್ಸಿಗೆ ಒಂದು ಹೆಸರು ಬಂತು, ಬುದಿಮಾನ್ ಎಂದು. ವಿವೇಕವುಳ್ಳವನು, ಬುದ್ಧಿವಂತ. ಬಂದ ಹೆಸರನ್ನು ಅಲ್ಲೇ ನುಂಗಿ, "ಥೂ, ಬುರುಕ್!" ಎಂದಳು.

ನಲವತ್ತನಾಲ್ಕು ದಿನ ಮಗು ಅವಳ ಮನೆಯಲ್ಲಿತ್ತು. ಹಾಲು ಕೊಡಲು ದೆಲಿಮಾ ಬಾಣಂತನದ ಕಟ್ಟುಪಾಡು ಮುರಿದು ದಿನಕ್ಕೆ ಆರು ಸಲ ಬರುತ್ತಿದ್ದಳು. ಬರುವಾಗ ಕೂಲಿಯವಳಂತೆ ಮೆಟ್ಟಿಲ ಕೆಳಗೆ ನಿಂತು, "ಇಲ್ಲಿ ಯಾರದೋ ಮಗು ಇದೆಯಂತಲ್ಲ, ಹಾಲು ಕೊಡ್ಲಾ?" ಎಂದು ಕೇಳಬೇಕಿತ್ತು. ಕುಡಿಸುವಾಗ ಮುಖ ಗೋಡೆಗೆ ತಿರುಗಿಸಿರಬೇಕಿತ್ತು, ಪ್ರೀತಿ ಕಾಣಬಾರದೆಂದು. ಮುಗಿದೊಡನೆ ಮಾಯಾಂಗ್ ಕೈ ಚಾಚುತ್ತಿದ್ದಳು, ಅವಳು ಕೊಟ್ಟು ಹೋಗುತ್ತಿದ್ದಳು. ಮಾಯಾಂಗಳಿಗೆ ಆ ದಿನಗಳು ಹಬ್ಬ. ದೆಲಿಮಾಳಿಗೆ ಏನಾಗಿದ್ದವೋ ಎಂದು ಅವಳು ಒಮ್ಮೆಯೂ ಯೋಚಿಸಲಿಲ್ಲ. ಹುಟ್ಟು ವರದಿ ಮಾಡಲು ಆಗ ಪೊಲೀಸ್ ಠಾಣೆಗೆ ಹೋಗಬೇಕಿತ್ತು. ಅಲ್ಲಿ ಪೇದೆ ಹೆಸರು ಕೇಳಿ ಪೆನ್ನು ಕೆಳಗಿಟ್ಟು, "ಅಕ್ಕಾ, ನಿಜ ಹೇಳು," ಎಂದ. ನಾಲಿಗೆಯ ತುದಿಗೆ ಬುದಿಮಾನ್ ಬಂದಿತ್ತು. ಹಲ್ಲು ಕಚ್ಚಿ, "ಬುರುಕ್. ಬರ್ಕೊಳಪ್ಪಾ," ಎಂದು ಹೆಬ್ಬೆಟ್ಟೊತ್ತಿ ಬಂದಳು.

ಮಗು ಬದುಕಿತು, ಗುಂಡಗೆ ಬೆಳೆಯಿತು, ತಾಯಿಯ ಮನೆಗೆ ವಾಪಸು ಹೋಯಿತು. ಹತ್ತು ವರ್ಷದ ಮೇಲೆ ಸುನ್ನತಿಯ ದಿನ ಮಾಯಾಂಗ್ ಬೆಳಿಗ್ಗೆಯೇ ಮಿಂದು, ಜಗಲಿ ಗುಡಿಸಿ, ಒಳ್ಳೆಯ ಬಟ್ಟೆ ಉಟ್ಟು, ಹೊಸ ಚಾಪೆ ಹಾಸಿ ಕೂತಳು. ಪಕ್ಕದ ಮನೆಯಲ್ಲಿ ಅಂಟನ್ನ ಬೇಯುವ ವಾಸನೆ ಬರುತ್ತಿತ್ತು. ಮಧ್ಯಾಹ್ನವಾಯಿತು, ಸಂಜೆಯಾಯಿತು. ದೆಲಿಮಾ ಬರಲಿಲ್ಲ. ಊರಿನ ಎಲ್ಲ ಮನೆಗೂ ಹೋದ ಹಾಗೆ ಇವಳ ಮನೆಗೂ ಒಂದು ತಟ್ಟೆ ಬಂತು, ಯಾರೋ ಹೆಂಗಸು ತಂದಿಟ್ಟು ಹೋದಳು. ಹಾಗೆ ಬಂದ ಅನ್ನ ಬರೀ ಅನ್ನ. ಪಾಪ, ಹೆದರಿದ್ದಾಳೆ, ಹೆಸರು ಬದಲಾದರೆ ಇವನೂ ಹೋದಾನೆಂದು ಹೆದರಿದ್ದಾಳೆ ಎಂದುಕೊಂಡಳು ಮಾಯಾಂಗ್. ಮೂರು ಮಕ್ಕಳನ್ನು ಕಳೆದುಕೊಂಡವಳ ಮೇಲೆ ಕೋಪ ಬರಲಿಲ್ಲ. ಮುಂದಿನ ವರ್ಷ ಬರುತ್ತಾಳೆ ಎಂದುಕೊಂಡಳು, ಆಮೇಲೆ ಅದರ ಮುಂದಿನ ವರ್ಷ.

ಅಷ್ಟರಲ್ಲಿ ಶಾಲೆಯ ಹುಡುಗರು ಅವನ ಹೆಸರಿಗೆ ಒಂದೊಂದು ದಿನ ಒಂದೊಂದು ಬಾಲ ಕಟ್ಟಿದರು. ಕುರೂಪ ಬಂದ, ಕಿಟಕಿ ಮುಚ್ಚಿ. ಹಳಸಿದ್ದು ಬಂತು, ಬೆಕ್ಕಿಗೆ ಹಾಕಿ. ಅವನು ಮನೆಗೆ ಬಂದು ಮಾಯಾಂಗಳ ಕೋಳಿಗಳಿಗೆ ಕಲ್ಲು ಹೊಡೆಯುತ್ತಿದ್ದ. ಗಂಡುಹುಡುಗರು ಹಾಗೇ ಎಂದು ಅವಳು ಕೋಳಿಗಳನ್ನೇ ಒಳಗೆ ಕೂಡಿಹಾಕುತ್ತಿದ್ದಳು. ಹನ್ನೆರಡಕ್ಕೆ ಅವನು ದೂರದ ವಸತಿಶಾಲೆಗೆ ಹೋದ. ಆಮೇಲೆ ಅವನು ಊರಿಗೆ ಬರುವುದೇ ಅಪರೂಪವಾಯಿತು.

ಕಾರು ಪೆರಾಕ್ ನದಿಯ ಸೇತುವೆ ದಾಟಿದ ಮೇಲೆ ಮಾಯಾಂಗ್ ಬಾಯಿ ಬಿಟ್ಟಳು. ಅವನೇ ಕೇಳಿ ಬಂದಿದ್ದಾನೆ, ಇನ್ನು ಕಟ್ಟು ಇಲ್ಲ ಎಂದು ಅವಳ ಲೆಕ್ಕ.

"ಮಗಾ, ನಿನ್ನ ಹೆಸರು ನನ್ನ ಹತ್ರ ಇದೆ."

"ಯಾವ ಹೆಸರು?"

"ಬುದಿಮಾನ್." ನಲವತ್ತೆಂಟು ವರ್ಷದಲ್ಲಿ ಆ ಹೆಸರನ್ನು ಅವಳು ಜೋರಾಗಿ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಕಿಟಕಿಯ ಹೊರಗೆ ನೋಡಿದಳು, ನಾಚಿಕೆಯಾಯಿತು. "ನಿನ್ನ ಎತ್ಕೊಂಡ ದಿನಾನೇ ಇಟ್ಟಿದ್ದೆ. ಮನಸ್ಸಲ್ಲಿ. ನೋಡು, ಎಷ್ಟು ಸರಿಯಾಗಿ ಹೊಂದಿತು. ಓದಿದೆ, ದೊಡ್ಡವನಾದೆ."

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹೆಸರು ಆಗಲೇ ಆರಿಸಿ ಆಗಿದೆ ಮಕ್ ಲಾಂಗ್. ಮುಹಮ್ಮದ್ ಇರ್ಫಾನ್ ಹಾಕಿಮಿ. ಮಸೀದಿಯ ಗುರುಗಳು ಅರ್ಥ ನೋಡಿ ಕೊಟ್ಟಿದ್ದು. ಮದುವೆ ಕಾರ್ಡಿನಲ್ಲೂ ಅದೇ ಅಚ್ಚಾಗಿದೆ."

"ಒಳ್ಳೇ ಹೆಸರು, ಒಳ್ಳೇ ಹೆಸರು. ಯಾರು ಬೇಡ ಅಂದ್ರು? ಅದರ ಕೊನೇಲಿ, ಒಂದು ಮೂಲೇಲಿ, ಇದನ್ನೂ ಸೇರಿಸ್ಕೋ. ಇರ್ಫಾನ್ ಬುದಿಮಾನ್. ಕೇಳೋಕೂ ಚೆನ್ನಾಗಿದೆ."

"ಅದೆಲ್ಲ ಹಳೇ ಕಾಲದ ಹೆಸರು. ದನ ಕಾಯೋರಿಗೆ ಇಡ್ತಿದ್ರು."

"ದನ ಕಾಯೋರಿಗೆ ಬುದಿಮಾನ್ ಅಂತ ಇಡಲ್ವೋ, ಕೆರ್ಬಾವ್ ಅಂತ ಇಡ್ತಾರೆ, ಎಮ್ಮೆ ಅಂತ," ಎಂದು ಅವಳು ನಗಲು ನೋಡಿದಳು. ಅವನು ಈ ಸಲವೂ ನಗಲಿಲ್ಲ.

"ಫಾರಂ ತುಂಬಿ ಆಗಿದೆ," ಎಂದ. ಲಾರಿಯೊಂದನ್ನು ಹಿಂದೆ ಹಾಕಿ, "ಅಂಥಾ ಒಳ್ಳೇ ಹೆಸರು ಮನಸ್ಸಲ್ಲಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ? ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದು ಕೇಳಿದ.

"ನಿಮ್ಮಮ್ಮ ಬಂದು ಕೇಳಲಿಲ್ಲವಲ್ಲೋ."

"ಅಮ್ಮನ ಸುದ್ದಿ ಬೇಡ ಮಕ್ ಲಾಂಗ್." ಅವನ ಧ್ವನಿ ಗಡುಸಾಯಿತು. "ಅವಳು ಹೋಗಿದ್ದಾಳೆ. ಬೇಡ."

ಅವನಿಗೆ ತಾಯಿಯ ನೆನಪಿಗೆ ಸಂಕಟವಾಗಿರಬೇಕು ಎಂದುಕೊಂಡಳು. ಹೆಸರು ಬಳಸದಿದ್ದರೆ ಬೇಡ, ಯಾಕೆ ಬುರುಕ್ ಎಂದಿಟ್ಟೆ ಎಂಬುದಾದರೂ ಇವತ್ತು ಇವನಿಗೆ ತಿಳಿಯಲಿ, ಆಫೀಸಿನಲ್ಲಿ ಕೇಳಿಯೇ ಕೇಳುತ್ತಾರೆ, ಅಲ್ಲಿ ಎಲ್ಲ ಬಿಡಿಸಿ ಹೇಳುತ್ತೇನೆ ಎಂದು ಸಮಾಧಾನ ಮಾಡಿಕೊಂಡಳು. ಅವಳಿಗೆ ಬೇಕಾಗಿದ್ದುದು ಅಷ್ಟೇ. ನನ್ನ ಜೀವ ಉಳಿಸಿದವಳು ಇವಳು ಎಂದು ಅವನು ಒಂದು ಸಲ ಮುಖ ನೋಡಿದರೆ ಸಾಕಿತ್ತು.

ಆಫೀಸಿನಲ್ಲಿ ಬಿಳಿಯ ತಲೆವಸ್ತ್ರದ ಹುಡುಗಿಯೊಬ್ಬಳು ಅವರನ್ನು ಮೇಜಿನ ಎದುರು ಕೂರಿಸಿದಳು. ಮುದುಕಿಗೆ ಕುರ್ಚಿ ಎತ್ತರವೆಂದು ಕಾಲಿಗೆ ಚಿಕ್ಕ ಮಣೆ ತಂದಿಟ್ಟಳು. ಬುರುಕ್ ಚೀಲದಿಂದ ಟೈಪು ಮಾಡಿದ ಕಾಗದ ತೆಗೆದುಕೊಟ್ಟ.

"ಹೇಳಿಕೆ ನೀವೇ ತಂದಿದೀರಾ ಸಾರ್? ಒಳ್ಳೇದಾಯ್ತು," ಎಂದಳು ಹುಡುಗಿ. "ಅಜ್ಜಿ, ನಿಮಗೆ ಓದೋಕೆ ಬರಲ್ಲ ಅಲ್ವಾ? ನಾನು ಓದ್ತೀನಿ. ಸರಿ ಇದ್ದರೆ ಪ್ರಮಾಣ ಮಾಡಿ ಹೆಬ್ಬೆಟ್ಟು ಹಾಕಿ."

ಅವಳು ಓದಿದಳು. ಮೇಲ್ಕಂಡ ವಿಳಾಸದಲ್ಲಿ ವಾಸವಾಗಿರುವ ಮಾಯಾಂಗ್ ಆದ ನಾನು, ಮಗುವಿನ ತಾಯಿ ಬಾಣಂತನದಲ್ಲಿದ್ದ ಸಮಯ ನೋಡಿಕೊಂಡು, ತಂದೆತಾಯಿಯ ಒಪ್ಪಿಗೆ ಪಡೆಯದೆ, ನನಗೆ ಸಂತಾನವಿಲ್ಲದ ಕಾರಣ ಸದರಿ ತಾಯಿಯ ಮೇಲಿದ್ದ ಅಸೂಯೆಯಿಂದ, ಮಗುವಿಗೆ ಜೀವಮಾನವಿಡೀ ಅವಮಾನವಾಗಲಿ ಎಂಬ ದುರುದ್ದೇಶದಿಂದ, ಈ ಹೆಸರನ್ನು ವರದಿ ಮಾಡಿರುತ್ತೇನೆ.

ಹುಡುಗಿಯ ಧ್ವನಿ ಕೊನೆಗೆ ಬರುವಾಗ ಇಳಿದಿತ್ತು. ಕಾಗದ ಕೆಳಗಿಟ್ಟು ಮುದುಕಿಯನ್ನು ನೋಡಿದಳು.

ಮಾಯಾಂಗ್ ಬುರುಕ್‌ನ ಕಡೆ ತಿರುಗಿದಳು. "ಇದನ್ನ ಯಾರು ಬರೆದದ್ದು?"

"ನಾನೇ."

"ನಿಂಗೆ ಯಾರು ಹೇಳಿದ್ರು?"

"ಅಮ್ಮ." ಅವನು ಗೋಡೆಯ ಗಡಿಯಾರ ನೋಡುತ್ತಿದ್ದ. "ನಂಗೆ ಹತ್ತು ವರ್ಷ ಇದ್ದಾಗಲೇ ಹೇಳಿದಳು. ಸುನ್ನತಿ ಆಗಿ ಮಲಗಿದ್ದೆ. ನನ್ನ ಹೆಸರು ಯಾಕೆ ಹೀಗೆ ಅಂತ ಅತ್ತು ಕೇಳಿದೆ. ಹೇಳಿದಳು. ಸಾಯೋ ಮುಂಚೆನೂ ಅದನ್ನೇ ಹೇಳಿದಳು. ನಾನು ನಿಮ್ಮ ಮೇಲೆ ಹಗೆ ಇಟ್ಕೊಂಡಿಲ್ಲ ಮಕ್ ಲಾಂಗ್, ಅದು ಮುಗಿದುಹೋದ ವಿಷಯ. ಕಾಗದಕ್ಕೆ ಒಂದು ಕಾರಣ ಬೇಕು, ಅಷ್ಟೇ."

ಸುನ್ನತಿಯ ದಿನ. ಇವಳು ಹೊಸ ಚಾಪೆ ಹಾಸಿ ಕೂತಿದ್ದ ದಿನ. ಮಾಯಾಂಗಳಿಗೆ ಆಗ ಎಲ್ಲ ತಿಳಿಯಿತು. ಹೆದರಿಕೆಯಲ್ಲ, ಮಣ್ಣಂಗಟ್ಟಿ. ದೆಲಿಮಾಳಿಗೆ ಆ ಒಂದು ಮಾತು ಊರವರ ಮುಂದೆ ಬಾಯಲ್ಲಿ ಬರಲಿಲ್ಲ, 'ನಿನ್ನ ಮಗನನ್ನ ನನಗೆ ಕೊಡು' ಎಂದು. ಹಾಗೆಂದರೆ ಹತ್ತು ವರ್ಷ ಅವನು ಮಾಯಾಂಗಳ ಮಗನಾಗಿದ್ದ ಎಂದು ಒಪ್ಪಿದ ಹಾಗೆ. ದಿನಕ್ಕೆ ಆರು ಸಲ ಕೂಲಿಯವಳಂತೆ ನಿಂತು, ಗೋಡೆಗೆ ಮುಖ ಮಾಡಿ ತನ್ನದೇ ಮಗುವಿಗೆ ಹಾಲು ಕುಡಿಸಿದ್ದನ್ನು ಅವಳು ಮರೆತಿರಲಿಲ್ಲ. ಅದರ ಸೇಡನ್ನು ಹೀಗೆ ತೀರಿಸಿಕೊಂಡಿದ್ದಳು. ಆಮೇಲೂ ಇಪ್ಪತ್ತೇಳು ವರ್ಷ ಬೇಲಿಯಾಚೆಯಿಂದ ಉಪ್ಪು ಕೇಳುತ್ತಿದ್ದಳು, ಕಾಯಿಲೆಯಾದಾಗ ಇವಳ ಕೈಯಿಂದಲೇ ಗಂಜಿ ಕುಡಿದಳು. ಥೂ ನಿನ್ನ. ಅವಳ ಎದೆಯೊಳಗೆ ಕೆಂಡ ಹೊತ್ತಿತು. ಆದರೆ ಮಣ್ಣಿನ ಕೆಳಗೆ ಮಲಗಿದವಳನ್ನು ಎಬ್ಬಿಸಿ ಜುಟ್ಟು ಹಿಡಿಯುವುದು ಹೇಗೆ?

"ಅಜ್ಜಿ," ಎಂದಳು ಹುಡುಗಿ ಮೆಲ್ಲಗೆ, "ಇದರಲ್ಲಿ ತಪ್ಪಿದ್ದರೆ ಹೇಳಿ. ಸುಳ್ಳು ಪ್ರಮಾಣ ಮಾಡ್ಬಾರದು. ನೀವು ಹೇಳಿದ ಹಾಗೇ ಬೇರೆ ಬರ್ಕೊಳ್ತೀನಿ. ಆದರೆ ತಂದೆಕಡೆಯ ಸಾಕ್ಷಿ ಎಲ್ಲ ಕೇಳ್ತಾರೆ, ಇವತ್ತು ಆಗಲ್ಲ."

ಬುರುಕ್ ಗಡಿಯಾರ ಬಿಟ್ಟು ಮುದುಕಿಯನ್ನು ನೋಡಿದ. ಆ ಬೆಳಿಗ್ಗೆ ಅವನು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಆ ನೋಟದಲ್ಲಿ ಇದ್ದದ್ದು ಭಯ. ಮಗಳ ನಿಕಾಹ್ ಹಾಳು ಮಾಡುತ್ತಾಳೇನೋ ಮುದುಕಿ ಎಂಬ ಭಯ.

ಒಂದು ಮಾತು ಸಾಕಿತ್ತು. ಹಂಚಿನಂತೆ ಕಾದು ನಿಂತಿದ್ದ ಮಾತು. ಹೇಳಿದರೆ ಇವನು ನಂಬುತ್ತಾನೆಯೇ? ಸತ್ತ ತಾಯಿಯ ಮಾತು ಬಿಟ್ಟು ಪಕ್ಕದ ಮನೆಯ ಬಂಜೆಯ ಮಾತು ಯಾರು ನಂಬುತ್ತಾರೆ? ನಂಬಿದರೆ ಇನ್ನೂ ಕೆಟ್ಟದ್ದು. ಐವತ್ತು ಹತ್ತಿರ ಬಂದ ಗಂಡಸಿಗೆ, ನಿನ್ನ ತಾಯಿ ನಿನ್ನನ್ನು ಉಳಿಸಿದ ಹೆಸರನ್ನೇ ನಿನಗೆ ವಿಷ ಮಾಡಿ ಕೊಟ್ಟಳು, ನೀನು ಅತ್ತಾಗಲೂ ಸುಳ್ಳು ಹೇಳಿದಳು ಎಂದು ಹೇಳಿ ಅವನ ಕೈಯಲ್ಲಿ ಏನು ಉಳಿಸುವುದು? ಅತ್ತ ಹುದಾ ಬೇರೆ ಕಾಯುತ್ತಿದ್ದಾಳೆ, ಬೆರಳಿಗೆ ಗೋರಂಟಿ ಅರೆಸಿಟ್ಟುಕೊಂಡು.

ಇವನಿಗಾಗಿ ಒಂದು ಸಲ ಎಲ್ಲರೆದುರು ಕೆಟ್ಟ ಮಾತಾಡಿದ್ದಾಗಿದೆ. ಇನ್ನೊಂದು ಸಲ ಆಡಿದರೆ ನಾಲಿಗೆಯೇನು ಬಿದ್ದುಹೋಗುವುದಿಲ್ಲ. ಪ್ರಮಾಣದ ಪಾಪವನ್ನು ಅಲ್ಲಾಹು ಹೇಗೆ ಅಳೆಯುತ್ತಾನೋ ಅಳೆಯಲಿ.

"ಎಲ್ಲಾ ನಿಜ," ಎಂದಳು ಮಾಯಾಂಗ್. "ಹೊಟ್ಟೆಕಿಚ್ಚು. ಅವಳಿಗೆ ಗಂಡುಮಗು ಆಯ್ತಲ್ಲ ಅಂತ ಉರ್ಕೊಂಡು ಇಟ್ಟೆ. ಇವನು ಬರೆದದ್ದು ಕಮ್ಮಿಯೇ ಆಯ್ತು."

ಹುಡುಗಿ ಮಾಯಾಂಗಳ ಕಾಲಡಿಯ ಮಣೆಯನ್ನು ಕಾಲಿನಿಂದ ಸ್ವಲ್ಪ ತನ್ನತ್ತ ಎಳೆದುಕೊಂಡಳು, ಬೇಕೆಂದೇ ಅಲ್ಲದಿರಬಹುದು. ಶಾಯಿಯ ಡಬ್ಬಿ ಮುಂದೆ ತಳ್ಳಿದಳು. ಮುದುಕಿಯ ಬೆರಳು ಒಣಗಿ ಗೆರೆ ಮೂಡದೆ ಎರಡೆರಡು ಸಲ ಒತ್ತಬೇಕಾಯಿತು.

"ಅರ್ಜಿದಾರರಿಗೆ ಇವರು ಏನಾಗಬೇಕು?" ಎಂದು ಹುಡುಗಿ ಕೊನೆಯ ಸಾಲು ತುಂಬಲು ಕೇಳಿದಳು, ಮುದುಕಿಯನ್ನಲ್ಲ, ಅವನನ್ನು.

"ಏನೂ ಆಗಬೇಕಿಲ್ಲ," ಎಂದ ಅವನು. "ಪಕ್ಕದ ಮನೆಯವರು."

ವಾಪಸು ಬರುವಾಗ ಅವನು ಬೇರೆಯೇ ಮನುಷ್ಯ. ಕಾರಿನಲ್ಲಿ ಹಾಡು ಹಾಕಿದ. ಮದುವೆಗೆ ಎಷ್ಟು ಕುರಿ, ಎಷ್ಟು ಜನ, ಚಪ್ಪರದ ಬಣ್ಣ ಯಾವುದು ಎಲ್ಲ ಹೇಳಿದ. ರಸ್ತೆ ಬದಿಯಲ್ಲಿ ನಿಲ್ಲಿಸಿ ಅವಳಿಗೆ ಎಳನೀರು ಕೊಡಿಸಿದ. "ನಿಮಗೂ ಕಾರ್ಡು ಕೊಡಬೇಕಿತ್ತು ಮಕ್ ಲಾಂಗ್. ಆದರೆ ದೂರ ಪ್ರಯಾಣ, ನಿಮ್ಮ ಮಂಡಿ ಬೇರೆ," ಎಂದ. ಅವಳು ಹೌದೆಂದಳು. ಗಂಡಿನ ಕಡೆಯವರ ನಡುವೆ ಯಾರಾದರೂ ಇವಳಾರು ಎಂದು ಕೇಳಿದರೆ ಹೇಳಲು ಅವನ ಬಳಿ ಏನಿತ್ತು?

ಮನೆಯ ಮುಂದೆ ಇಳಿದಾಗ ಬಿಸಿಲು ಏರಿತ್ತು. ಅವನು ಬಾಗಿಲು ತೆಗೆದು ಕೈ ಹಿಡಿದು ಇಳಿಸಿದ, ಅಷ್ಟು ಸೌಜನ್ಯ ಅವನಿಗೆ ಯಾವಾಗಲೂ ಇತ್ತು. ಕೆಸರಿನಲ್ಲಿ ಅವನ ಬೂಟು ಜಾರಿತು.

"ಹುಷಾರು ಕಣೋ, ಬುರುಕ್," ಎಂದಳು ಅವಳು ತನಗರಿವಿಲ್ಲದೆ.

ಅವನು ಕೈ ಬಿಟ್ಟ. ಕೋಪ ಮಾಡಿಕೊಳ್ಳಲಿಲ್ಲ, ತನ್ನ ಕೈಕೆಳಗಿನವರಿಗೆ ಹೇಳುವಂತೆ ತಾಳ್ಮೆಯಿಂದ ಹೇಳಿದ. "ಮಕ್ ಲಾಂಗ್, ಇನ್ನು ಆ ಹೆಸರು ಬೇಡ. ಮನೇಲೂ ಬೇಡ, ನಾವಿಬ್ಬರೇ ಇದ್ದಾಗಲೂ ಬೇಡ. ಇವತ್ತಿಗೆ ಅದು ಮುಗೀತು."

"ಸರಿ," ಎಂದಳು ಮಾಯಾಂಗ್.

ಅವನನ್ನು ಕರೆಯಲು ಅವಳ ಬಳಿ ಇದ್ದದ್ದು ಎರಡೇ ಹೆಸರು. ಒಂದನ್ನು ಬೇಡವೆಂದ, ಇನ್ನೊಂದನ್ನು ಕೇಳಿಸಿಕೊಳ್ಳಲೂ ಇಲ್ಲ. ಮಸೀದಿಯವರು ಕೊಟ್ಟದ್ದು ಒಳ್ಳೆಯದೇ ಇರಬೇಕು, ಆದರೆ ಆ ಹೆಸರಿನವನನ್ನು ಅವಳು ಎಂದೂ ಎತ್ತಿಕೊಂಡಿರಲಿಲ್ಲ, ಬೈದಿರಲಿಲ್ಲ, ಅವನು ಯಾರೆಂದೇ ಅವಳಿಗೆ ಗೊತ್ತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು, ತಲೆವಸ್ತ್ರವನ್ನು ಸರಿಮಾಡಿಕೊಂಡು, ಕಂದಾಯದ ಅಧಿಕಾರಿ ಬಂದಾಗ ನಿಲ್ಲುವಂತೆ ಸ್ವಲ್ಪ ಬಾಗಿ ನಿಂತಳು.

"ಮನೆ ಬಾಗಿಲ ತನಕ ಬಿಟ್ರಿ, ದೊಡ್ಡ ಉಪಕಾರ ಆಯ್ತು. ಹೋಗಿ ಬನ್ನಿ ಸಾಹೇಬ್ರೇ," ಎಂದಳು.

ಅವನು ಒಂದು ಚೂರೂ ಬೆಚ್ಚಲಿಲ್ಲ. ಆಫೀಸಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತಿಗೆ ಆಡಿಸುವಂತೆ ತಲೆಯಾಡಿಸಿ, ನಕ್ಕು, ಕಾರು ಹತ್ತಿ ಹೊರಟ.